ಫಿಟ್ಟರ್ ಅಪ್ರೆಂಟಿಸ್‌ಗೆ ಕೆಲಸ ಕಲಿಸುವವರು ಯಾರು? ಒಂದು ಬಹಿರಂಗ ಪತ್ರ

ಮಾನ್ಯ ಕೌಶಲ್ಯಾಭಿವೃದ್ಧಿ ಸಚಿವರಿಗೆ, ರಾಜ್ಯ ಶಿಶಿಕ್ಷು (ಅಪ್ರೆಂಟಿಸ್‌ಶಿಪ್) ಸಲಹೆಗಾರರಿಗೆ, ಹಾಗೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವ ಎಲ್ಲ ಕಾರ್ಖಾನೆಯವರಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಮೆಂಟೆನೆನ್ಸ್ ಫಿಟ್ಟರ್, ಅಂದರೆ ಮೆಷಿನ್‌ಗಳ ಭಾಗ ಜೋಡಿಸಿ, ಕೆಟ್ಟರೆ ಸರಿಮಾಡುವವನು. ಐಟಿಐ ಮುಗಿಸಿ, ಅಪ್ರೆಂಟಿಸ್ ಆಗಿ, ಅಲ್ಲಿಂದ ಇಲ್ಲಿಯವರೆಗೂ ಇದೇ ಕೆಲಸ ಮಾಡುತ್ತಾ ತಲೆ ನರೆತಿದೆ. ಪ್ರತಿ ವರ್ಷ ಹೊಸ ಹುಡುಗರು ಬರುವುದನ್ನು ನೋಡುತ್ತೇನೆ. ವರ್ಷ ಮುಗಿಸಿ ಹೋಗುವುದನ್ನೂ ನೋಡುತ್ತೇನೆ. ಬಂದಾಗ ಎಷ್ಟು ಗೊತ್ತಿತ್ತೋ ಅಷ್ಟನ್ನೇ ಇಟ್ಟುಕೊಂಡು ಎಷ್ಟೋ ಜನ ವಾಪಸ್ ಹೋಗುತ್ತಾರೆ. ಅದು ನೋಡೋಕಾಗಲ್ಲ ಅಂತಲೇ ಈ ಪತ್ರ.

ನಾನು ಕೇಳುವುದು ಒಂದೇ. ಶಾಪ್ ಫ್ಲೋರಿನಲ್ಲಿ, ಅಂದರೆ ಮೆಷಿನ್ ಓಡುವ ಜಾಗದಲ್ಲೇ, ಅಪ್ರೆಂಟಿಸ್‌ಗೆ ಕೆಲಸ ಕಲಿಸುವ ಹಿರಿಯ ಕೆಲಸಗಾರನ ಹೊತ್ತಿಗೆ ಲೆಕ್ಕ ಇಡಿ, ಆ ಹೊತ್ತಿಗೆ ಬೆಲೆ ಕೊಡಿ. ಇವತ್ತು ಹುಡುಗನ ಹಾಜರಾತಿಗೆ ಲೆಕ್ಕ ಇದೆ. ಸ್ಟೈಪೆಂಡ್‌ಗೆ ಲೆಕ್ಕ ಇದೆ. ಯಾವ ಕಂಪನಿ ಎಷ್ಟು ಜನರನ್ನು ತೆಗೆದುಕೊಂಡಿತು ಅನ್ನುವುದು ಸರ್ಕಾರದ ಪೋರ್ಟಲ್‌ನಲ್ಲೇ ಸಿಗುತ್ತದೆ. ಅವನಿಗೆ ಕಲಿಸಿದವರು ಯಾರು, ಎಷ್ಟು ಹೊತ್ತು ಕಲಿಸಿದರು, ಏನು ಕಲಿಸಿದರು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನಡೆಯುವುದನ್ನು ಹೇಳುತ್ತೇನೆ. ಸಿಂಧನೂರು ಕಡೆಯಿಂದಲೋ ಚಿಕ್ಕೋಡಿ ಕಡೆಯಿಂದಲೋ ಹಿರಿಯೂರು ಕಡೆಯಿಂದಲೋ ಒಬ್ಬ ಹುಡುಗ ಬರುತ್ತಾನೆ. ಎರಡು ವರ್ಷ ಫಿಟ್ಟರ್ ಟ್ರೇಡ್ ಓದಿರುತ್ತಾನೆ. ಐಟಿಐ ಆದವನಿಗೆ ಸಾಮಾನ್ಯವಾಗಿ ಒಂದು ವರ್ಷದ ಅಪ್ರೆಂಟಿಸ್‌ಶಿಪ್. ಮೊದಲ ದಿನ ಫಾರಂ ತುಂಬಿಸುತ್ತಾರೆ, ಸೇಫ್ಟಿ ಶೂ ಕೊಡುತ್ತಾರೆ, ಐಡಿ ಕಾರ್ಡ್ ಕೊಡುತ್ತಾರೆ. ಎರಡನೇ ದಿನ ಡಿಬರ್ರಿಂಗ್ ಬೆಂಚಿಗೆ ನಿಲ್ಲಿಸುತ್ತಾರೆ. ಮೆಷಿನ್‌ನಿಂದ ಬಂದ ಪೀಸಿನ ಅಂಚಿನ ಮುಳ್ಳು ತೆಗೆಯುವ ಕೆಲಸ. ಒಂದು ವಾರ ಮಾಡಿದರೆ ಅದರಲ್ಲಿ ಕಲಿಯಲು ಇನ್ನೇನೂ ಉಳಿಯುವುದಿಲ್ಲ. ಆದರೂ ಹುಡುಗ ತಿಂಗಳುಗಟ್ಟಲೆ ಅಲ್ಲೇ ಇರುತ್ತಾನೆ. ಅಲ್ಲಿಂದ ಪ್ಯಾಕಿಂಗ್. ಅಲ್ಲಿಂದ ಯಾರಾದರೂ ರಜೆ ಹಾಕಿದ ಕಡೆ. ವರ್ಷದ ಕೊನೆಗೆ ಟ್ರೇಡ್ ಟೆಸ್ಟ್ ಹತ್ತಿರ ಬಂದಾಗ ಏನೇನು ಕಲಿತ ಅಂತ ಬರೆಯುವ ವರ್ಕ್‌ಬುಕ್ಕನ್ನು ಗಡಿಬಿಡಿಯಲ್ಲಿ ತುಂಬಿಸುತ್ತಾರೆ. ಅದರಲ್ಲಿ ಬೇರಿಂಗ್ ಫಿಟ್ಟಿಂಗ್ ಇರುತ್ತದೆ, ಅಲೈನ್‌ಮೆಂಟ್ (ಭಾಗಗಳನ್ನು ಒಂದೇ ನೇರಕ್ಕೆ ತರುವುದು) ಇರುತ್ತದೆ, ಸ್ಕ್ರೇಪಿಂಗ್ (ಉಬ್ಬನ್ನು ಹೆರೆದು ಸಮ ಮಾಡುವುದು) ಇರುತ್ತದೆ. ಹುಡುಗ ಇವುಗಳಲ್ಲಿ ಒಂದನ್ನೂ ಮುಟ್ಟಿರುವುದಿಲ್ಲ.

ಎಲ್ಲ ಕಡೆ ಹೀಗೇ ಅಂತ ನಾನು ಹೇಳುತ್ತಿಲ್ಲ. ಸ್ವಂತ ಟ್ರೈನಿಂಗ್ ಸೆಂಟರ್ ಇಟ್ಟು, ಇನ್‌ಸ್ಟ್ರಕ್ಟರ್‌ಗಳನ್ನು ನೇಮಿಸಿ, ಶ್ರದ್ಧೆಯಿಂದ ಕಲಿಸುವ ಕಂಪನಿಗಳು ಬೆಂಗಳೂರಿನಲ್ಲೇ ಇವೆ. ಅಲ್ಲಿಂದ ಬಂದ ಹುಡುಗನನ್ನು ಅವನು ವೈಸ್ (ತುಂಡನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಉಪಕರಣ) ಮುಂದೆ ನಿಲ್ಲುವ ರೀತಿಯಲ್ಲೇ ಗುರುತು ಹಿಡಿಯಬಹುದು. ನನ್ನ ಮಾತು ಉಳಿದವರ ಬಗ್ಗೆ. ಉಳಿದವರೇ ಜಾಸ್ತಿ.

ಫಿಟ್ಟರ್ ಕೆಲಸವನ್ನು ಕಲಿಸುವುದು ಅಂದರೆ ಏನು ಅಂತ ಆಫೀಸಿನಲ್ಲಿ ಕೂತವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಫೈಲ್, ಅಂದರೆ ಕಬ್ಬಿಣ ಉಜ್ಜುವ ಅರ, ಹಿಡಿಯುವುದನ್ನೇ ನೋಡಿ. ವೈಸಿನಲ್ಲಿ ಎಂ.ಎಸ್. (ಮೆದು ಉಕ್ಕು) ತುಂಡು ಕಚ್ಚಿಸಿ ಹೊಸ ಹುಡುಗನಿಗೆ ಉಜ್ಜಲು ಹೇಳಿದರೆ, ಎರಡು ತುದಿ ಇಳಿದು ನಡುಭಾಗ ಉಬ್ಬಿಕೊಳ್ಳುತ್ತದೆ. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಎರಡೂ ಕಡೆ ಸಂದಿಯಲ್ಲಿ ಬೆಳಕು ತೂರುತ್ತದೆ. ಯಾಕೆ? ಫೈಲ್ ಮುಂದಕ್ಕೆ ಹೊರಟಾಗ ಎಡಗೈ ಭಾರ ಜಾಸ್ತಿ ಇರಬೇಕು. ನಡುವಿಗೆ ಬಂದಾಗ ಎರಡೂ ಕೈ ಸಮ. ಕೊನೆಗೆ ಹೋದಾಗ ಬಲಗೈ ಭಾರ ಜಾಸ್ತಿ. ಇದು ತಪ್ಪಿದರೆ ಫೈಲ್ ತೊಟ್ಟಿಲಿನ ಹಾಗೆ ತೂಗುತ್ತದೆ. ಹಿಂದಕ್ಕೆ ಎಳೆಯುವಾಗ ಒತ್ತಲೇಬಾರದು, ಹಲ್ಲು ಸವೆಯುತ್ತದೆ.

ಈ ನಾಲ್ಕು ಮಾತು ಪುಸ್ತಕದಲ್ಲೂ ಇದೆ. ಓದಿದರೆ ಕೈಗೆ ಬರುವುದಿಲ್ಲ. ಪಕ್ಕದಲ್ಲಿ ನಿಂತವನು ಹುಡುಗನ ಮೊಣಕೈ ಹಿಡಿದು, ಕಾಲು ಎಲ್ಲಿಡಬೇಕು ಅಂತ ತೋರಿಸಿ, ಅದೇ ತುಂಡನ್ನು ಮತ್ತೆ ಮತ್ತೆ ಉಜ್ಜಿಸಬೇಕು. ಪೂರ್ತಿ ಸಮತಟ್ಟಾದ ಸರ್ಫೇಸ್ ಪ್ಲೇಟಿಗೆ ತೆಳುವಾಗಿ ಮಾರ್ಕಿಂಗ್ ಬ್ಲೂ ಹಚ್ಚಿ, ತುಂಡನ್ನು ಅದರ ಮೇಲೆ ಆಡಿಸಿದರೆ ಉಬ್ಬಿದ ಕಡೆ ಮಾತ್ರ ನೀಲಿ ಹತ್ತುತ್ತದೆ. ಅಲ್ಲಿ ಮಾತ್ರ ತೆಗೆಯಬೇಕು. ಮತ್ತೆ ಹಚ್ಚಬೇಕು, ಮತ್ತೆ ನೋಡಬೇಕು. ಕೈ ಪಳಗುವುದಕ್ಕೆ ವಾರಗಳು ಬೇಕು. ಅಷ್ಟು ವಾರ ಪಕ್ಕದಲ್ಲಿ ಒಬ್ಬರು ಇರಬೇಕು. ನನ್ನ ಮಾತೆಲ್ಲ ಆ ಒಬ್ಬರ ಬಗ್ಗೆ.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ ಬಂದ ಮೇಲೆ ಫೈಲ್ ಯಾಕೆ, ಫಿಟ್ಟರ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಆ ಸಿಎನ್‌ಸಿ ಮೆಷಿನನ್ನು ಜೋಡಿಸುವವರು ಫಿಟ್ಟರುಗಳೇ ಅಲ್ವಾ? ಸ್ಲೈಡ್ ಕೂರಿಸುವುದು, ಬಾಲ್ ಸ್ಕ್ರೂ ಅಲೈನ್ ಮಾಡುವುದು, ಸ್ಪಿಂಡಲ್ ಕೂರಿಸಿ ಡಯಲ್ ಗೇಜ್ (ಮುಳ್ಳಿರುವ ಅಳತೆ ಉಪಕರಣ) ಹಾಕಿ ರನ್‌ಔಟ್, ಅಂದರೆ ತಿರುಗುವಾಗಿನ ಓಲಾಟ, ನೋಡುವುದು ಎಲ್ಲ ಕೈಕೆಲಸ. ಲೇತ್, ಸಿಎನ್‌ಸಿಯಂಥ ಮೆಷಿನ್ ಮಾಡುವ ದೇಶದ ಮೆಷಿನ್ ಟೂಲ್ ಉದ್ಯಮದಲ್ಲಿ ಬೆಂಗಳೂರಿಗೆ ದೊಡ್ಡ ಹೆಸರಿದೆ. ತುಮಕೂರಿನ ವಸಂತನರಸಾಪುರದಲ್ಲಿ ಮೆಷಿನ್ ಟೂಲ್ ಪಾರ್ಕ್ ಮಾಡಿದ್ದೀರಿ. ಅಲ್ಲಿಗೆ ಬೇಕಾದ ಕೈಗಳನ್ನು ಎಲ್ಲಿಂದ ತರುತ್ತೀರಿ?

ಇನ್ನು ಮೆಂಟೆನೆನ್ಸ್. ಒಂದು ಪಂಪು, ಒಂದು ಮೋಟರ್, ನಡುವೆ ಎರಡರ ಶಾಫ್ಟ್ ಸೇರಿಸುವ ಕಪ್ಲಿಂಗ್. ಬೇರಿಂಗ್ ಪದೇ ಪದೇ ಹೋಗುತ್ತಿದೆ ಅಂತ ದೂರು. ಕಲಿಯದವನು ಬಂದರೆ ಬೇರಿಂಗ್ ಬದಲಾಯಿಸಿ ಹೋಗುತ್ತಾನೆ. ಅದೂ ಶಾಫ್ಟಿಗೆ ಹಾಕುವಾಗ ಹೊರ ರಿಂಗಿಗೆ ಸುತ್ತಿಗೆಯಲ್ಲಿ ಬಡಿಯುತ್ತಾನೆ. ಹಾಗೆ ಬಡಿದ ಏಟು ಬಾಲುಗಳ ಮೂಲಕ ಒಳಗೆ ಹೋಗಿ, ಬಾಲ್ ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಹೊಸ ಬೇರಿಂಗ್ ಹಾಕಿದ ದಿನವೇ ಹಾಳು. ಶಾಫ್ಟಿಗೆ ಬಿಗಿಯಾಗಿ ಕೂರುವ ಬೇರಿಂಗಿಗೆ ಒಳ ರಿಂಗಿನ ಮೇಲೆ ಮಾತ್ರ ಒತ್ತಡ ಬೀಳಬೇಕು. ಇಲ್ಲದಿದ್ದರೆ ಹದವಾಗಿ ಕಾಯಿಸಿ ಜಾರಿಸಬೇಕು.

ಕಲಿತವನು ಮೊದಲು ಮೋಟರಿನ ಕಾಲು ನೋಡುತ್ತಾನೆ. ನಾಲ್ಕು ಬೋಲ್ಟುಗಳಲ್ಲಿ ಒಂದೊಂದನ್ನೇ ಸಡಿಲಿಸಿ ಡಯಲ್ ಗೇಜಿನ ಮುಳ್ಳು ನೋಡುತ್ತಾನೆ. ಒಂದು ಕಾಲಿನ ಬೋಲ್ಟ್ ಸಡಿಲಿಸಿದಾಗ ಮುಳ್ಳು ಜಿಗಿದರೆ, ಆ ಕಾಲು ಬೇಸ್ ಮೇಲೆ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಅದನ್ನು ಹಾಗೇ ಬಿಗಿ ಮಾಡಿದ್ದರಿಂದ ಮೋಟರಿನ ಬಾಡಿಯೇ ತಿರುಚಿಕೊಂಡಿರುತ್ತದೆ. ಸಂದಿಗೆ ಫೀಲರ್ ಗೇಜ್ ಹಾಕಿ ಅಳೆದು, ಅಷ್ಟೇ ದಪ್ಪದ ಶಿಮ್ ಕೊಟ್ಟು, ಆಮೇಲೆ ಕಪ್ಲಿಂಗ್ ಅಲೈನ್ ಮಾಡಿದರೆ ಕೆಲಸ ಮುಗಿಯಿತು. ಕೂದಲೆಳೆಯಷ್ಟು ತಗಡು. ಅದನ್ನು ಹಾಕದೆ ಬೇರಿಂಗ್ ಮೇಲೆ ಬೇರಿಂಗ್ ಬದಲಾಯಿಸಿದ ಕಾರ್ಖಾನೆಗಳನ್ನು ನಾನು ಕಂಡಿದ್ದೇನೆ. ಒಬ್ಬ ಹಿರಿಯ ಒಂದು ಸಲ ಇದನ್ನು ಮಾಡಿ ತೋರಿಸಿ, ಇನ್ನೊಂದು ಸಲ ಹುಡುಗನ ಕೈಯಲ್ಲಿ ಮಾಡಿಸಿದರೆ, ಅವನು ಜೀವನಪರ್ಯಂತ ಮರೆಯುವುದಿಲ್ಲ.

ಹಾಗಾದರೆ ಆ ಹಿರಿಯ ಯಾಕೆ ತೋರಿಸುವುದಿಲ್ಲ? ಮನಸ್ಸಿಲ್ಲದೆ ಅಲ್ಲ. ಮೆಷಿನ್ ನಿಂತ ಪ್ರತಿ ನಿಮಿಷವನ್ನೂ ಬೋರ್ಡಿನ ಮೇಲೆ ಬರೆಯುತ್ತಾರೆ. ಎರಡು ಗಂಟೆಯಲ್ಲಿ ನಾನು ಮುಗಿಸುವ ಕೆಲಸವನ್ನು ಹುಡುಗನಿಗೆ ಹೇಳಿಕೊಡುತ್ತಾ ಮಾಡಿದರೆ ನಾಲ್ಕು ಗಂಟೆ ಹಿಡಿಯುತ್ತದೆ. ಹೆಚ್ಚಾದ ಆ ಎರಡು ಗಂಟೆಗೆ ಉತ್ತರ ಹೇಳಬೇಕಾದವನು ನಾನು. ಸೂಪರ್‌ವೈಸರ್ ಕೇಳಿದರೆ 'ಕಲಿಸುತ್ತಿದ್ದೆ ಸಾರ್' ಅನ್ನುವ ಉತ್ತರ ನಡೆಯುವುದಿಲ್ಲ. ಇನ್ನೊಂದು ಮಾತು, ಯಾರೂ ಬಾಯಿಬಿಟ್ಟು ಹೇಳದ ಮಾತು. ಇವತ್ತು ಹಿರಿಯ ಫಿಟ್ಟರುಗಳಲ್ಲೂ ಎಷ್ಟೋ ಜನ ಕಾಂಟ್ರಾಕ್ಟ್ ಮೇಲೆ ಇದ್ದಾರೆ. ಹುಡುಗನಿಗೆ ಪೂರ್ತಿ ಕಲಿಸಿದರೆ ನಾಳೆ ತನ್ನ ಜಾಗಕ್ಕೆ ಕಡಿಮೆ ಸಂಬಳಕ್ಕೆ ಅವನನ್ನೇ ಕೂರಿಸಿಬಿಟ್ಟರೆ? ಈ ಭಯ ಇರುವವನು ಸ್ಪ್ಯಾನರ್ ತಂದುಕೊಡು ಅನ್ನುತ್ತಾನೆ, ಲೈಟ್ ಹಿಡಿ ಅನ್ನುತ್ತಾನೆ. ಅಸಲು ವಿಷಯ ಬಂದಾಗ ಬೆನ್ನು ತಿರುಗಿಸಿ ಕೆಲಸ ಮಾಡುತ್ತಾನೆ. ನಾನು ಅವನನ್ನು ಬೈಯಲಾರೆ. ಅವನಿಗೂ ಹೊಟ್ಟೆಪಾಡಿದೆ.

ಹಿಂದೆ ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ ಇದಕ್ಕೊಂದು ದಾರಿ ಇತ್ತು. ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಜಾಲಹಳ್ಳಿ ಕಡೆ ಶುರುವಾದವು. ಅಲ್ಲಿನ ಟ್ರೈನಿಂಗ್ ಸೆಂಟರುಗಳಲ್ಲಿ ಇನ್‌ಸ್ಟ್ರಕ್ಟರ್‌ಗೆ ಕಲಿಸುವುದೇ ಕೆಲಸ. ಪ್ರೊಡಕ್ಷನ್ ಟಾರ್ಗೆಟ್ ಅವನ ತಲೆ ಮೇಲೆ ಇರಲಿಲ್ಲ. ಅಲ್ಲಿ ಕಲಿತವರು ಎಷ್ಟೋ ಜನ ಆಮೇಲೆ ಪೀಣ್ಯದಲ್ಲಿ, ರಾಜಾಜಿನಗರದಲ್ಲಿ ಸ್ವಂತ ಶೆಡ್ ಹಾಕಿದರು. ಈ ನಗರದ ಇಂಜಿನಿಯರಿಂಗ್ ಕೆಲಸ ಬೆಳೆದದ್ದು ಆ ಕೈಗಳಿಂದ. ಮೋಟರ್ ಮಾಡುತ್ತಿದ್ದ ಎನ್‌ಜಿಇಎಫ್ ಕಾರ್ಖಾನೆ 2002ರಲ್ಲಿ ಮುಚ್ಚಿತು. ಎಚ್‌ಎಂಟಿ ಕುಗ್ಗುತ್ತಾ ಬಂತು. ಕಾರ್ಖಾನೆಗಳ ಜೊತೆಗೆ ಕಲಿಸುವವರೂ ಹೋದರು. ಕಾರ್ಖಾನೆ ಹೋಯಿತು ಅಂತ ಎಲ್ಲರೂ ಮರುಗಿದರು, ಕಲಿಸುವವರ ಜಾಗಕ್ಕೆ ಯಾರು ಬಂದರು ಅಂತ ಯಾರೂ ಕೇಳಲಿಲ್ಲ.

ಈಗ ಐಟಿಐ ಕಡೆಯಿಂದಲೂ ಭಾರ ಶಾಪ್ ಫ್ಲೋರಿಗೇ ಬಂದಿದೆ. 2022ರ ಪಠ್ಯಕ್ರಮದಲ್ಲಿ ವರ್ಷಕ್ಕೆ 1,600 ಗಂಟೆ ಇದ್ದ ತರಬೇತಿ 1,200 ಗಂಟೆಗೆ ಇಳಿಯಿತು. ಜೊತೆಗೆ 150 ಗಂಟೆ ಕಾರ್ಖಾನೆಯಲ್ಲಿ ಕಲಿಯಲಿ ಅಂತ ಸೇರಿಸಿದರು. ಯೋಚನೆ ಕೆಟ್ಟದ್ದಲ್ಲ. ಆದರೆ ವೈಸ್ ಮುಂದೆ ನಿಲ್ಲುವ ಗಂಟೆಗಳು ಕಡಿಮೆಯಾದವು ಅನ್ನುವುದು ನಿಜ. ಅಲ್ಲಿ ಕಡಿಮೆಯಾದದ್ದನ್ನು ಅಪ್ರೆಂಟಿಸ್ ವರ್ಷದಲ್ಲಿ ತುಂಬಿಸಬೇಕು. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದೆ. ಒಳ್ಳೆಯ ಮೆಷಿನ್‌ಗಳು ಬಂದಿವೆ, ಸಂತೋಷ. ಮೆಷಿನ್ ಜೊತೆಗೆ ಮನುಷ್ಯರೂ ಬೇಕು ಅಂತ ಕೈಮುಗಿದು ಹೇಳುತ್ತಿದ್ದೇನೆ.

ಕಾನೂನಿನಲ್ಲಿ ಏನೂ ಇಲ್ಲ ಅಂತಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಓದಿ ನೋಡಿ. ತರಬೇತಿಯ ಉಸ್ತುವಾರಿಗೆ ಅರ್ಹತೆ ಇರುವ ಒಬ್ಬರನ್ನು ಇಡಬೇಕು ಅನ್ನುತ್ತದೆ. ತರಬೇತಿಗೆ ಸಂಬಂಧವಿಲ್ಲದ ಕೆಲಸಕ್ಕೆ ಹಚ್ಚುವುದು ತಪ್ಪು ಅನ್ನುತ್ತದೆ. ಪೀಸ್ ಲೆಕ್ಕದಲ್ಲಿ ದುಡ್ಡು ಕೊಡುವಂತಿಲ್ಲ. ಶಿಶಿಕ್ಷು ಸಲಹೆಗಾರರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಎಲ್ಲ ಸರಿಯಾಗಿ ಬರೆದಿದೆ. ಕಾರ್ಖಾನೆಯಲ್ಲಿ ಆಗುವುದೇನು? ಉಸ್ತುವಾರಿ ಅಂತ ಒಬ್ಬ ಎಚ್‌ಆರ್ ಆಫೀಸರ್ ಹೆಸರು ಬರೆದಿರುತ್ತಾರೆ. ಆ ಸಾಹೇಬರಿಗೆ ಪ್ರೊಡಕ್ಷನ್ ಹಾಲಿಗೆ ಇಳಿಯಲು ಪುರುಸೊತ್ತಿರುವುದಿಲ್ಲ. ಹುಡುಗನ ಪಕ್ಕ ದಿನಾ ನಿಲ್ಲಬೇಕಾದವನ ಹೆಸರು ಯಾವ ಕಾಗದದಲ್ಲೂ ಇಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. 2019ರ ನಿಯಮದಲ್ಲಿ ಅಪ್ರೆಂಟಿಸ್‌ಗಳ ಕನಿಷ್ಠ ಸ್ಟೈಪೆಂಡನ್ನು ಓದಿಗೆ ತಕ್ಕ ಹಾಗೆ ತಿಂಗಳಿಗೆ 5,000ದಿಂದ 9,000 ರೂಪಾಯಿ ಅಂತ ಮಾಡಿದರು. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಎಷ್ಟೋ ಸರ್ಕಾರಿ ಸಂಸ್ಥೆಗಳ ಜಾಹೀರಾತಿನಲ್ಲಿ 8,050 ರೂಪಾಯಿ ಅಂತ ಇದ್ದದ್ದನ್ನು ನೀವೂ ನೋಡಿರುತ್ತೀರಿ. ಬೆಂಗಳೂರಿನಲ್ಲಿ ರೂಮ್ ಬಾಡಿಗೆ, ಊಟ, ಬಸ್ ಅಂದರೆ ಅದು ಯಾವ ಮೂಲೆಗೂ ಸಾಲದು. ಮನೆಯಿಂದ ದುಡ್ಡು ತರಿಸಿಕೊಂಡು ಕೆಲಸ ಕಲಿಯುವ ಹುಡುಗರಿದ್ದಾರೆ. ಅಪ್ಪ ಅಮ್ಮ ಕೂಲಿ ಮಾಡಿದ ದುಡ್ಡು ಅದು. ಅಷ್ಟು ಮಾಡಿದವನಿಗೆ ಕೆಲಸವನ್ನಾದರೂ ಕಲಿಸಬೇಡವೇ? ಅಪ್ರೆಂಟಿಸ್‌ಶಿಪ್‌ಗೆ ಪ್ರೋತ್ಸಾಹ ಕೊಡುವ ಕೇಂದ್ರದ ಎನ್‌ಎಪಿಎಸ್ ಯೋಜನೆಯಲ್ಲಿ ಸ್ಟೈಪೆಂಡಿನ ಶೇಕಡಾ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರ್ಕಾರ ಕೊಡುತ್ತದೆ. ಅದು ಹುಡುಗನ ಪಾಲು, ಅವನಿಗೇ ಸೇರಬೇಕು. ನಾನು ಕೇಳುವುದು ಅದರ ಜೊತೆಗೆ ಇನ್ನೊಂದು ಪಾಲು. ಕಲಿಸುವವನಿಗೆ.

ಅದು ಹೀಗಿರಲಿ. ಅಪ್ರೆಂಟಿಸ್ ಒಪ್ಪಂದ ಬರೆಯುವಾಗಲೇ, ಶಾಪ್ ಫ್ಲೋರಿನಲ್ಲಿ ಕಲಿಸುವ ಹಿರಿಯ ಕೆಲಸಗಾರನ ಹೆಸರು ಅದರಲ್ಲಿ ಬರಲಿ. ವಾರಕ್ಕೆ ಇಷ್ಟು ಗಂಟೆ ಅವನು ಕಲಿಸುತ್ತಾನೆ, ಆ ಗಂಟೆಗಳಲ್ಲಿ ಅವನ ಮೇಲೆ ಟಾರ್ಗೆಟ್ ಇರುವುದಿಲ್ಲ ಅಂತ ಬರೆಯಲಿ. ದೊಡ್ಡ ಕಂಪನಿಗಳು ಆ ಹೊತ್ತಿನ ಖರ್ಚನ್ನು ತಾವೇ ಹಾಕಿಕೊಳ್ಳಲಿ, ಅವರ ಕೈಯಲ್ಲಿ ಆಗುತ್ತದೆ. ಸಣ್ಣ ಶೆಡ್‌ಗಳಿಗೆ ರಾಜ್ಯ ಸರ್ಕಾರ ಕಲಿಸುವವನ ಭತ್ಯೆ ಅಂತ ಕೊಡಲಿ, ನೇರವಾಗಿ ಅವನ ಬ್ಯಾಂಕ್ ಖಾತೆಗೆ. ಅವನು ಕಾಂಟ್ರಾಕ್ಟ್ ಕೆಲಸಗಾರನಾದರೂ ಸರಿ. ಒಬ್ಬ ಹುಡುಗನಿಗೆ ಪೂರ್ತಿ ಕಲಿಸಿದರೆ ತನಗೂ ಮರ್ಯಾದೆ ಇದೆ, ನಾಲ್ಕು ಕಾಸು ಇದೆ ಅಂತ ಗೊತ್ತಾದರೆ ಬೆನ್ನು ತಿರುಗಿಸುವವನು ಎದುರು ತಿರುಗುತ್ತಾನೆ. ರಿಟೈರ್ ಆದ ಫಿಟ್ಟರುಗಳು ಈ ಊರಿನ ತುಂಬ ಇದ್ದಾರೆ. ಬೆಳಗ್ಗೆ ಪಾರ್ಕಿನಲ್ಲಿ ಕೂತಿರುತ್ತಾರೆ. ವಾರಕ್ಕೆ ಎರಡು ದಿನ ಬನ್ನಿ ಅಂತ ಕರೆದರೆ ಅವರಲ್ಲಿ ಅರ್ಧ ಜನ ಖುಷಿಯಿಂದ ಬರುತ್ತಾರೆ ಅಂತ ನನ್ನ ನಂಬಿಕೆ.

ಸಣ್ಣ ಶೆಡ್‌ಗಳ ಬಗ್ಗೆ ಇನ್ನೊಂದು ಮಾತು. 30 ಜನ ಅಥವಾ ಜಾಸ್ತಿ ಇರುವ ಸಂಸ್ಥೆ ಶೇಕಡಾ 2.5ರಿಂದ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅದಕ್ಕಿಂತ ಚಿಕ್ಕವರಿಗೆ ಕಡ್ಡಾಯ ಇಲ್ಲ. ಆದರೆ ಫಿಟ್ಟರ್ ಕೆಲಸ ಚೆನ್ನಾಗಿ ಕಲಿಯುವ ಜಾಗ ಎಷ್ಟೋ ಸಲ ಆ ಚಿಕ್ಕ ಶೆಡ್‌ಗಳೇ. ಒಂದು ಶೆಡ್‌ನಲ್ಲಿ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುತ್ತಾರೆ. ಪಕ್ಕದ ರೋಡಿನಲ್ಲಿ ಹೈಡ್ರಾಲಿಕ್ ಸಿಲಿಂಡರ್. ಆಚೆ ಕಡೆ ಹಳೆ ಲೇತುಗಳನ್ನು ತಂದು ಬೆಡ್ ಸ್ಕ್ರೇಪ್ ಮಾಡುತ್ತಾರೆ. ಯಾವ ಒಂದು ಶೆಡ್‌ನಲ್ಲೂ ಎಲ್ಲ ಸಿಗುವುದಿಲ್ಲ, ನಾಲ್ಕು ಶೆಡ್ ಸೇರಿದರೆ ಎಲ್ಲವೂ ಸಿಗುತ್ತದೆ. ಹಲವು ಮಾಲೀಕರು ಒಟ್ಟಾಗಿ, ಅಪ್ರೆಂಟಿಸ್‌ಗಳನ್ನು ಒಬ್ಬರಿಂದ ಒಬ್ಬರಿಗೆ ಕಳಿಸಿ ಕಲಿಸಲು ಕಾಯ್ದೆಯಲ್ಲೇ ಅವಕಾಶ ಇದೆ. ಪೀಣ್ಯದಲ್ಲಿ, ಬೆಳಗಾವಿಯ ಉದ್ಯಮಬಾಗ್‌ನಲ್ಲಿ, ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ, ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಸಣ್ಣ ಕೈಗಾರಿಕೆಗಳ ಸಂಘಗಳನ್ನು ಕೂರಿಸಿಕೊಂಡು ಇದನ್ನು ಶುರು ಮಾಡಿ. ಮೂರು ತಿಂಗಳು ಒಂದು ಕಡೆ, ಮೂರು ತಿಂಗಳು ಇನ್ನೊಂದು ಕಡೆ. ಇಲಾಖೆಯ ಒಬ್ಬ ಅಧಿಕಾರಿ ಓಡಾಡಿ ಜೋಡಿಸಿದರೆ ಆಗುವ ಕೆಲಸ.

ಮಾಲೀಕರು ಎರಡು ಮಾತು ಹೇಳುತ್ತಾರೆ. ಒಂದು, ಈಗಿನ ಹುಡುಗರಿಗೆ ಆಸಕ್ತಿ ಇಲ್ಲ, ಯಾವಾಗ ನೋಡಿದರೂ ಮೊಬೈಲ್. ಸ್ವಲ್ಪ ನಿಜ. ಆದರೆ ಆರು ತಿಂಗಳು ಸುಮ್ನೆ ಮುಳ್ಳು ತೆಗೆಸಿದರೆ ಯಾರಿಗೆ ತಾನೇ ಆಸಕ್ತಿ ಉಳಿಯುತ್ತದೆ? ಅದೇ ಹುಡುಗನ ಕೈಗೆ ಮೈಕ್ರೋಮೀಟರ್ ಕೊಟ್ಟು, ನೂರನೇ ಒಂದು ಮಿಲಿಮೀಟರ್ ಓದುವುದನ್ನು ತೋರಿಸಿ, ಅವನು ಕೂರಿಸಿದ ಬುಷ್ ಸರಿಯಾಗಿ ಕೂತಾಗ ಅವನ ಮುಖ ನೋಡಿ. ಎರಡನೆಯದು, ಕಲಿಸಿದ ಮೇಲೆ ಬಿಟ್ಟು ಹೋಗುತ್ತಾನೆ. ಕೆಲಸ ಕೊಡಲೇಬೇಕು ಅಂತ ಕಾಯ್ದೆ ನಿಮಗೆ ಹೇಳುವುದಿಲ್ಲ, ಅವನೂ ಇರಲೇಬೇಕು ಅಂತಿಲ್ಲ. ಒಳ್ಳೆಯ ಸಂಬಳ ಕೊಟ್ಟರೆ ಇರುತ್ತಾನೆ. ಹೋದರೂ ಪಕ್ಕದ ಶೆಡ್‌ಗೆ ಹೋಗುತ್ತಾನೆ, ಅಲ್ಲಿ ಕಲಿತವನು ನಿಮ್ಮಲ್ಲಿಗೆ ಬರುತ್ತಾನೆ.

ಕಲಿಸದೇ ಇರುವುದರಲ್ಲಿ ಅಪಾಯವೂ ಇದೆ. ಮೆಷಿನ್ ಒಳಗೆ ಕೈ ಹಾಕುವ ಮೊದಲು ಮೇನ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಗಾಳಿಯ ಲೈನಿನಲ್ಲಿ, ಹೈಡ್ರಾಲಿಕ್ ಲೈನಿನಲ್ಲಿ ಉಳಿದ ಒತ್ತಡ ಬಿಡಬೇಕು. ಎತ್ತರದಲ್ಲಿರುವ ಸ್ಲೈಡ್ ಕೆಳಗೆ ಬೀಳದಂತೆ ಆಧಾರ ಕೊಡಬೇಕು. ಇದನ್ನು ಗೋಡೆಗೆ ಪೋಸ್ಟರ್ ಅಂಟಿಸಿ ಕಲಿಸಲಾಗುವುದಿಲ್ಲ. ಹಿರಿಯನು ಪ್ರತಿ ಸಲ ತಪ್ಪದೆ ಮಾಡುವುದನ್ನು ಕಂಡಾಗ ಹುಡುಗನಿಗೂ ಅದು ಅಭ್ಯಾಸವಾಗುತ್ತದೆ. ಪ್ರೊಡಕ್ಷನ್ ಅವಸರಕ್ಕೆ ಅಪ್ರೆಂಟಿಸನ್ನು ಪವರ್ ಪ್ರೆಸ್ ಮುಂದೆ ಕೂರಿಸುವುದನ್ನು ದಯವಿಟ್ಟು ನಿಲ್ಲಿಸಿ. ಹೋದ ಬೆರಳು ಮತ್ತೆ ಬರುವುದಿಲ್ಲ. ಬೆರಳು ಹೋದ ಫಿಟ್ಟರ್ ಮುಂದೆ ಏನು ಮಾಡಬೇಕು ಹೇಳಿ.

ಹೆಣ್ಣುಮಕ್ಕಳೂ ಈ ಟ್ರೇಡಿಗೆ ಬರುತ್ತಿದ್ದಾರೆ. ಅವರನ್ನು ಬಂದ ಕೂಡಲೇ ಇನ್ಸ್‌ಪೆಕ್ಷನ್ ಟೇಬಲ್‌ಗೋ ಸ್ಟೋರ್ಸ್‌ಗೋ ಕಳಿಸುತ್ತಾರೆ, ಭಾರದ ಕೆಲಸ ಆಗುವುದಿಲ್ಲ ಅಂತ. ಭಾರ ಎತ್ತುವುದಕ್ಕೆ ಚೈನ್ ಪುಲ್ಲಿ ಇದೆ, ಕ್ರೇನ್ ಇದೆ. ನಾವೂ ಗೇರ್‌ಬಾಕ್ಸನ್ನು ಕೈಯಲ್ಲಿ ಎತ್ತುವುದಿಲ್ಲ. ಅವರಿಗೂ ಫೈಲ್ ಕೊಡಿ, ಡಯಲ್ ಗೇಜ್ ಕೊಡಿ.

ಕೊನೆಯದಾಗಿ ತಪಾಸಣೆ. ಅಪ್ರೆಂಟಿಸ್ ಇರುವ ಕಾರ್ಖಾನೆಗೆ ಇಲಾಖೆಯಿಂದ ಯಾರಾದರೂ ಬಂದರೆ ಆಫೀಸಿನಲ್ಲಿ ಕೂತು ರಿಜಿಸ್ಟರ್ ನೋಡಿ, ಕಾಫಿ ಕುಡಿದು ಹೋಗುತ್ತಾರೆ. ಇನ್ನು ಮುಂದೆ ಒಳಗೆ ಬರಲಿ. ಹುಡುಗನನ್ನು ಕರೆದು, ಈ ತಿಂಗಳು ನೀನು ಮಾಡಿದ ಒಂದು ಕೆಲಸ ತೋರಿಸು ಅನ್ನಲಿ. ವರ್ಕ್‌ಬುಕ್ಕಿನಲ್ಲಿ ಬೇರಿಂಗ್ ಫಿಟ್ಟಿಂಗ್ ಅಂತ ಬರೆದಿದ್ದರೆ, ಯಾವ ಬೇರಿಂಗ್, ನಂಬರ್ ಏನು, ಹೇಗೆ ಹಾಕಿದೆ ಅಂತ ಕೇಳಲಿ. ಮಾಡಿದವನು ಥಟ್ಟನೆ ಹೇಳುತ್ತಾನೆ. ಕೇಳುವವರಿಗೆ ಫಿಟ್ಟರ್ ಕೆಲಸ ಗೊತ್ತಿರಬೇಕು, ಅದಕ್ಕೆ ಐಟಿಐಗಳ ಅನುಭವಿ ತರಬೇತಿ ಅಧಿಕಾರಿಗಳನ್ನೇ ಜೊತೆಗೆ ಕರೆತನ್ನಿ. ಅವರು ಎರಡು ವರ್ಷ ಕಲಿಸಿ ಕಳಿಸಿದ ಹುಡುಗರು ಎಲ್ಲಿ ನಿಂತಿದ್ದಾರೆ ಅಂತ ಅವರೂ ನೋಡಬೇಕು.

ಈ ಪತ್ರಕ್ಕೆ ನನಗೆ ವೈಯಕ್ತಿಕ ಉತ್ತರ ಬೇಡ. ಮುಂದಿನ ಬ್ಯಾಚ್ ಐಟಿಐಯಿಂದ ಹೊರಬರುವ ಮೊದಲು ಒಂದು ಸುತ್ತೋಲೆ ಹೊರಡಿಸಿ. ಅದರಲ್ಲಿ ಮೂರು ವಿಷಯ ಇರಲಿ: ಒಪ್ಪಂದದಲ್ಲಿ ಕಲಿಸುವವನ ಹೆಸರು ಮತ್ತು ಗಂಟೆ, ಸಣ್ಣ ಶೆಡ್‌ಗಳಲ್ಲಿ ಕಲಿಸುವವನಿಗೆ ಭತ್ಯೆ, ಶಾಪ್ ಫ್ಲೋರಿಗೆ ಇಳಿದು ಮಾಡುವ ತಪಾಸಣೆ. ಮೊದಲು ಒಂದು ಕೈಗಾರಿಕಾ ಪ್ರದೇಶದಲ್ಲಿ ಒಂದು ವರ್ಷ ಮಾಡಿ ನೋಡುತ್ತೇವೆ ಅಂದರೂ ಸರಿ. ಪೀಣ್ಯವನ್ನು ಆರಿಸಿಕೊಂಡರೆ, ಕಲಿಸುವವರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದುಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಫಿಟ್ಟರ್